ಎರಡಾಣೆಯ ಲೆಕ್ಕ

ನೌಕರಿ ಬಿಟ್ಟು ಸ್ವಂತ ವ್ಯಾಪಾರ ಹೂಡುತ್ತೇನೆಂದು ಮಗ ಹೇಳಿದ ದಿನ ಮನೆಯಲ್ಲಿ ಏಳುವ ಪ್ರಶ್ನೆ ಒಂದೇ: ಹಣಕ್ಕಾಗಿಯೋ, ಮನಸ್ಸಿನ ತೃಪ್ತಿಗಾಗಿಯೋ? ಬೆಂಗಳೂರಿನ ಸಂಬಳ ತೊರೆದು ಕಾಪುವಿನಲ್ಲೋ ಕಾರ್ಕಳದಲ್ಲೋ ಅಂಗಡಿ ತೆರೆಯಹೊರಟ ಹುಡುಗನಿಗೆ ತಂದೆ ಹಣದ ಮಾತು ಎತ್ತುತ್ತಾರೆ. ಹುಡುಗ ತೃಪ್ತಿಯ ಮಾತು ಆಡುತ್ತಾನೆ. ತಾಯಿ ಮೌನವಾಗಿ ತನ್ನ ಬಳೆಗಳನ್ನು ನೋಡಿಕೊಳ್ಳುತ್ತಾಳೆ. ಮೊದಲು ಅಡವು ಬೀಳುವುವು ಅವೇ ತಾನೆ!

ಈ ವಾದ ತೀರಿಸಲು ಅಮೆರಿಕದ ಕೋಟ್ಯಧೀಶರ ಚರಿತ್ರೆಯನ್ನು ತಿರುವಿಹಾಕಬೇಕಾಗಿಲ್ಲ. ಉಡುಪಿಯಲ್ಲಿಯೇ ಸಾಕಷ್ಟು ಸಾಮಗ್ರಿ ಇದೆ.

1906ರಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮುಂದಾಳುತನದಲ್ಲಿ, ಮುಂದೆ ಕಾರ್ಪೊರೇಷನ್ ಬ್ಯಾಂಕ್ ಎನಿಸಿದ ಸಂಸ್ಥೆ ಅಲ್ಲಿ ಹುಟ್ಟಿತು. ಸಾಹೇಬರು ಆಗಲೇ ಸಿರಿವಂತ ವರ್ತಕರು. ಹೊಟ್ಟೆಪಾಡಿಗಾಗಿ ಬ್ಯಾಂಕು ತೆರೆಯಬೇಕಾದ ಅಗತ್ಯವೇನೂ ಅವರಿಗಿರಲಿಲ್ಲ. ಬಂಡವಾಳ 5000 ರೂಪಾಯಿ. ಮೊದಲ ದಿನದ ಕೊನೆಗೆ ಸೇರಿದ್ದು 38 ರೂಪಾಯಿ 13 ಆಣೆ 2 ಪೈ. ಆ ಎರಡು ಪೈಗಳನ್ನೂ ಬಿಡದೆ ಬರೆದಿಟ್ಟರಲ್ಲ, ಅದು ನನಗೆ ಬಲು ಹಿಡಿಸಿದ ಸಂಗತಿ.

1925ರಲ್ಲಿ ಇನ್ನೊಂದು. ಕೈಮಗ್ಗದ ಕಸುಬು ಕುಸಿದು ನೇಕಾರರು ಕಂಗಾಲಾಗಿದ್ದ ಕಾಲ. ವರ್ತಕ ಉಪೇಂದ್ರ ಅನಂತ ಪೈ, ಇಂಜಿನಿಯರ್ ವಾಮನ ಕುಡ್ವ, ವೈದ್ಯ ಡಾ. ಟಿ. ಎಂ. ಎ. ಪೈ, ಈ ಮೂವರು 8000 ರೂಪಾಯಿ ಬಂಡವಾಳದಿಂದ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟನ್ನು ಸ್ಥಾಪಿಸಿದರು. 1928ರಲ್ಲಿ ಬಂದಿತು ಪಿಗ್ಮಿ ಠೇವಣಿ. ಬ್ಯಾಂಕಿನ ಪ್ರತಿನಿಧಿ ದಿನವೂ ಮನೆಮನೆಗೆ ಹೋಗಿ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಪಡೆದು ಬರೆದುಕೊಂಡು ಬರುವುದು. ಎರಡಾಣೆಯಂತೆ ವರ್ಷವಿಡೀ ಕಟ್ಟಿದರೂ ಕೂಡುವುದು 45 ರೂಪಾಯಿ 10 ಆಣೆ. ಅದಕ್ಕಾಗಿ 365 ಸಲ ಮನೆಬಾಗಿಲು ತಟ್ಟಬೇಕು, ಪ್ರತಿನಿಧಿಗೆ ಕಮಿಷನ್ ಕೊಡಬೇಕು, ಬಡ್ಡಿಯನ್ನೂ ಕೊಡಬೇಕು. ಲಾಭವೊಂದನ್ನೇ ನೋಡುವವನು ಈ ಲೆಕ್ಕದ ಹಾಳೆಯನ್ನು ಹರಿದೆಸೆಯುತ್ತಿದ್ದನು.

ಹಾಗೆಂದು ಇದು ದಾನವೂ ಆಗಿರಲಿಲ್ಲ. ಬ್ಯಾಂಕು ಸಾಲ ಕೊಟ್ಟು ಬಡ್ಡಿ ವಸೂಲು ಮಾಡಿತು. 1953ರಲ್ಲಿ ಮಣಿಪಾಲದ ಬೋಳುಗುಡ್ಡದ ಮೇಲೆ ವೈದ್ಯಕೀಯ ಕಾಲೇಜು ತೆರೆದಾಗಲೂ ಡಾ. ಪೈಗಳು ವಿದ್ಯಾರ್ಥಿಗಳಿಂದ ಹಣ ಪಡೆದೇ ನಡೆಸಿದರು. ಇದನ್ನು ಆಕ್ಷೇಪಿಸಿದವರುಂಟು, ಆಕ್ಷೇಪಣೆಯಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಆದರೆ ಹಣ ಹುಟ್ಟದ ಆದರ್ಶ ಆ ಗುಡ್ಡದ ಮೇಲೆ ಎರಡು ಮಳೆಗಾಲವನ್ನೂ ದಾಟುತ್ತಿರಲಿಲ್ಲ.

ಇದಕ್ಕೆ ವಿರುದ್ಧವಾದ ದಾರಿಯೂ ಇದೆ. ಕಾರ್ಕಳದ ಕಡೆಯ ಕಡಂದಲೆಯಲ್ಲಿ ಹುಟ್ಟಿದ ಕೆ. ಕೃಷ್ಣರಾಯರು ಆತ್ಮತೃಪ್ತಿಯನ್ನು ಅರಸಿ ಊರು ಬಿಟ್ಟವರಲ್ಲ; ಬಡತನ ಅಟ್ಟಿತು. ಪರರ ಅಡಿಗೆಮನೆಗಳಲ್ಲಿ ದುಡಿದು, ಬಳಿಕ ಮದ್ರಾಸಿನಲ್ಲಿ ವುಡ್‌ಲ್ಯಾಂಡ್ಸ್ ಕಟ್ಟಿದರು. ಹಸಿವಿನಿಂದ ಹೊರಟವರು, ಊರೂರಿನ ಜನ ಹುಡುಕಿಕೊಂಡು ಬಂದು ಉಣ್ಣುವ ಮನೆಯನ್ನು ಕಟ್ಟಿದರು. ದುಡ್ಡಿಗಾಗಿ ಹೊರಟವನನ್ನು ಕೀಳಾಗಿ ಕಾಣುವವರು ಸಾಮಾನ್ಯವಾಗಿ ಹೊಟ್ಟೆ ತುಂಬಿದವರೇ ಆಗಿರುತ್ತಾರೆ, ಗಮನಿಸಿ ನೋಡಿ.

ಆದುದರಿಂದ ಮಗನನ್ನು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆಯೆಂದು ನನಗೆ ತೋರುತ್ತದೆ. ಉದ್ಘಾಟನೆಯ ಹೂಮಾಲೆ ಬಾಡಿದ ಮೇಲೆ, ಆಷಾಢದ ಜಡಿಮಳೆಯಲ್ಲಿ ಒಬ್ಬ ಗಿರಾಕಿಯೂ ಬಾರದ ದಿನ, ಅಂದಿನ ಲೆಕ್ಕವನ್ನು ಪೈಸೆ ಬಿಡದೆ ಬರೆದು ಮರುದಿನ ಬಾಗಿಲು ತೆರೆಯುವೆಯಾ? ಹೌದೆಂದರೆ ತಂದೆ ಸ್ವಲ್ಪ ಮೆತ್ತಗಾಗಬಹುದು. ಬಂಡವಾಳ ಯಾರದು, ಮುಳುಗಿದರೆ ಯಾರ ಬಳೆ ಹೋಗುವುದು ಎಂಬುದನ್ನಂತೂ ಮೊದಲೇ ಕಾಗದದ ಮೇಲೆ ಬರೆದಿಡಲಿ. ತನ್ನ ತೃಪ್ತಿಗಾಗಿ ತಾಯಿಯ ಮುಪ್ಪಿನ ಆಸರೆಯನ್ನು ಪಣವಿಡುವುದು ಸಾಹಸವೆನಿಸದು.

2020ರ ಏಪ್ರಿಲ್ 1ರಂದು ಉಡುಪಿಯ ಈ ಎರಡು ಬ್ಯಾಂಕುಗಳೂ ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು. ಹಳೆಯ ಫಲಕಗಳು ಕೆಳಗಿಳಿದವು. ಪಿಗ್ಮಿ ಎಂಬ ಮಾತು ಮಾತ್ರ ಉಳಿದಿದೆ. ಇಂದಿಗೂ ಸಹಕಾರಿ ಸಂಘಗಳ ಪ್ರತಿನಿಧಿಗಳು ಪೇಟೆಯಲ್ಲಿ ಅಂಗಡಿಯಿಂದ ಅಂಗಡಿಗೆ ಹೋಗಿ, ಹೂವಿನವಳ ನೂರು ರೂಪಾಯಿಗೂ ರಸೀತಿ ಕೊಟ್ಟು ಮುಂದೆ ಸಾಗುತ್ತಾರೆ.