ಹಣ ಬೇಕು, ಮತ ಬೇಡವೇ?

ವಿದೇಶಗಳಲ್ಲಿ ದುಡಿಯುವ ಭಾರತೀಯರು 2022ರ ಒಂದೇ ವರ್ಷದಲ್ಲಿ ತಾಯ್ನಾಡಿಗೆ ಕಳುಹಿಸಿದ ಹಣ, ವಿಶ್ವಬ್ಯಾಂಕಿನ ಲೆಕ್ಕದಂತೆ, 11 ಸಾವಿರ ಕೋಟಿ ಡಾಲರಿಗೂ ಅಧಿಕ. ಆ ಹಣದ ಜೊತೆ ಯಾರೂ ವಿಮಾನ ಹತ್ತಿ ಬರಬೇಕಾಗಿಲ್ಲ. ಆದರೆ ಹಣ ಕಳುಹಿಸಿದವನ ಮತ ಮಾತ್ರ ಅವನ ಜೊತೆಗೇ ಮತಗಟ್ಟೆಗೆ ಬರಬೇಕು! ಇದು ಯಾವ ನ್ಯಾಯ?

ಹಿಂದೆ ಆರು ತಿಂಗಳು ಊರಲ್ಲಿಲ್ಲದವನ ಹೆಸರನ್ನು ಮತದಾರರ ಪಟ್ಟಿಯಿಂದ ತೆಗೆದುಹಾಕಲಾಗುತ್ತಿತ್ತು. 2010ರಲ್ಲಿ ಜನಪ್ರಾತಿನಿಧ್ಯ ಕಾಯಿದೆಗೆ ತಿದ್ದುಪಡಿಯಾಗಿ, 2011ರ ಫೆಬ್ರವರಿಯಿಂದ ಅನಿವಾಸಿಗಳಿಗೆ ನೋಂದಣಿಯ ಬಾಗಿಲು ತೆರೆಯಿತು. ಬೇರೆ ದೇಶದ ಪೌರತ್ವ ಪಡೆಯದ ಯಾವುದೇ ವಯಸ್ಕ ಭಾರತೀಯನು ನಮೂನೆ 6ಎ ಸಲ್ಲಿಸಿ ಪಾಸ್‌ಪೋರ್ಟಿನಲ್ಲಿರುವ ವಿಳಾಸದ ಕ್ಷೇತ್ರದಲ್ಲಿ ಹೆಸರು ಸೇರಿಸಬಹುದು. ಆದರೆ ಮತ ಹಾಕಬೇಕಾದರೆ ಮೂಲ ಪಾಸ್‌ಪೋರ್ಟ್ ಹಿಡಿದು ಮತಗಟ್ಟೆಯ ಮುಂದೆ ಖುದ್ದಾಗಿ ನಿಲ್ಲಬೇಕು. ರಿಯಾದಿನ ಕಟ್ಟಡ ಕಾರ್ಮಿಕನಿಗೆ ಇದು ಹಕ್ಕೋ, ಅಣಕವೋ?

2024ರ ಲೋಕಸಭಾ ಚುನಾವಣೆಯ ಲೆಕ್ಕ ನೋಡಿ. ನೋಂದಾಯಿತ ಅನಿವಾಸಿ ಮತದಾರರು 1,19,374. ಮತ ಹಾಕಿದವರು ಕೇವಲ 2,958. ಅವರಲ್ಲೂ 2,670 ಮಂದಿ ಕೇರಳದವರು. ಅಂದರೆ ಕರ್ನಾಟಕವೂ ಸೇರಿ ಉಳಿದ ಇಡೀ ದೇಶದ ಪಾಲು 288!

ತಂತ್ರಜ್ಞಾನ ಇಲ್ಲವೆನ್ನುವಂತಿಲ್ಲ. ಸೇನಾ ಸಿಬ್ಬಂದಿಯೇ ಮೊದಲಾದ ಸೇವಾ ಮತದಾರರಿಗೆ ವಿದ್ಯುನ್ಮಾನ ಮಾರ್ಗದಲ್ಲಿ ಅಂಚೆ ಮತಪತ್ರ ರವಾನೆಯಾಗುತ್ತದೆ. 2019ರಲ್ಲಿ ಅಂತಹ 18 ಲಕ್ಷ ಮತದಾರರ ಪೈಕಿ 10 ಲಕ್ಷಕ್ಕೂ ಅಧಿಕ ಮಂದಿಯ ಮತಪತ್ರಗಳು ಮರಳಿ ಬಂದವು. ಇದೇ ಸೌಲಭ್ಯವನ್ನು ಅನಿವಾಸಿಗಳಿಗೂ ನೀಡಲು ತಾನು ಸಿದ್ಧವೆಂದು ಚುನಾವಣಾ ಆಯೋಗವೇ 2020ರಲ್ಲಿ ಕಾನೂನು ಸಚಿವಾಲಯಕ್ಕೆ ತಿಳಿಸಿತ್ತು. ಪ್ರತಿನಿಧಿಯ ಮೂಲಕ ಮತ ಹಾಕಿಸುವ ಮಸೂದೆ 2018ರಲ್ಲಿ ಲೋಕಸಭೆಯಲ್ಲಿ ಅಂಗೀಕಾರವಾದರೂ ಮರುವರ್ಷ ಸದನದ ಅವಧಿಯೊಂದಿಗೇ ಬಿದ್ದುಹೋಯಿತು. ಅದು ಬಿದ್ದದ್ದು ಒಳ್ಳೆಯದೇ ಆಯಿತು. ಇನ್ನೊಬ್ಬನ ಕೈಗೆ ಒಪ್ಪಿಸಿದ ಮತ ಗುಪ್ತವಾಗಿ ಉಳಿಯುವುದಾದರೂ ಹೇಗೆ?

ಸರಕಾರವನ್ನು ದೂರಿದ ಮೇಲೆ ನಮ್ಮ ಕಡೆಗೂ ನೋಡಬೇಕಲ್ಲವೇ? ನೋಂದಾಯಿತರಲ್ಲಿ 89,839 ಮಂದಿ ಕೇರಳೀಯರು. ತಲಪಾಡಿಯ ಆಚೆಯ ಮಂಜೇಶ್ವರದವನೂ ಈಚೆಯ ಉಳ್ಳಾಲದವನೂ ಗಲ್ಫಿನಲ್ಲಿ ಒಂದೇ ಕಂಪೆನಿಯಲ್ಲಿ ದುಡಿಯುತ್ತಾರೆ, ಒಂದೇ ಕ್ಯಾಂಪಿನಲ್ಲಿ ಮಲಗುತ್ತಾರೆ. ಆದರೆ ಪಟ್ಟಿಯಲ್ಲಿ ಇಷ್ಟೊಂದು ಅಂತರ! ನಮ್ಮ ಅನಿವಾಸಿ ಸಂಘಟನೆಗಳಿಗೆ ಇಫ್ತಾರ್ ಕೂಟಕ್ಕೆ, ಕ್ರಿಕೆಟ್ ಪಂದ್ಯಾಟಕ್ಕೆ, ಊರಿನಿಂದ ಬಂದ ಮಂತ್ರಿಗೆ ಶಾಲು ಹೊದಿಸುವುದಕ್ಕೆ ಬಿಡುವಿದೆ. ಅದೇ ಸಭಾಂಗಣದ ಮೂಲೆಯಲ್ಲಿ ಒಂದು ಮೇಜು ಹಾಕಿ ನಮೂನೆ 6ಎ ತುಂಬಿಸಲು ಮಾತ್ರ ಬಿಡುವಿಲ್ಲ. 'ಹೇಗೂ ಬಂದು ಮತ ಹಾಕಲಾಗದು, ಮತ್ತೇಕೆ ನೋಂದಣಿ' ಎಂಬ ಮಾತು ಮೇಲ್ನೋಟಕ್ಕೆ ಸರಿಯೆನಿಸಬಹುದು. ಆದರೆ ಪಟ್ಟಿಯಲ್ಲೇ ಇಲ್ಲದವರಿಗಾಗಿ ಯಾವ ಸರಕಾರ ಅಂಚೆ ಮತಪತ್ರ ಮುದ್ರಿಸೀತು? ನಾಳೆ ಈ ಅಲ್ಪ ಸಂಖ್ಯೆಯನ್ನೇ ತೋರಿಸಿ 'ಇವರಿಗೆ ಆಸಕ್ತಿಯೇ ಇಲ್ಲ' ಎಂದರೆ ನಮ್ಮ ಬಳಿ ಉತ್ತರವೇನಿದೆ?

ಇದು ಕರಾವಳಿಯವರ ವಿಷಯವೆಂದು ಬಯಲುಸೀಮೆಯವರು ಸುಮ್ಮನಿರಬೇಕಾಗಿಲ್ಲ. ಶಿಡ್ಲಘಟ್ಟದ ರೇಷ್ಮೆ ನೂಲು ತೆಗೆಯುವ ಮನೆಯ ಹುಡುಗನೂ, ಚಿಂತಾಮಣಿಯ ಚಾಲಕನೂ ಇದೇ ಹಕ್ಕಿಗೆ ಬಾಧ್ಯರು. ಒಂದು ಎಚ್ಚರಿಕೆ ಮಾತ್ರ ಅಗತ್ಯ: ಪಾಸ್‌ಪೋರ್ಟಿನಲ್ಲಿ ಬೆಂಗಳೂರಿನ ಬಾಡಿಗೆ ಮನೆಯ ವಿಳಾಸವಿದ್ದರೆ ಹೆಸರು ಸೇರುವುದು ಅಲ್ಲಿನ ಪಟ್ಟಿಗೇ ಹೊರತು ಶಿಡ್ಲಘಟ್ಟದ ಪಟ್ಟಿಗಲ್ಲ. ನಮೂನೆ ತುಂಬುವ ಮುನ್ನ ಆ ಪುಟವನ್ನೊಮ್ಮೆ ತೆರೆದು ನೋಡಿಕೊಳ್ಳಿ.