ಕಂಟ್ರೋಲರ್ ನಿಂತರೂ ಜಾಲ ನಡೆಯಬೇಕು

ಅಕ್ಕಲಕೋಟ: ರೇಶನ್ ಅಂಗಡಿ ಮುಂದೆ ಪಾಳಿ ಹಚ್ಚಿ, ಯಂತ್ರದ ಮೇಲೆ ಹೆಬ್ಬೆಟ್ಟು ಇಡುವ ಹೊತ್ತಿಗೆ ‘ಸರ್ವರ್ ಡೌನ್ ಐತ್ರಿ, ನಾಳಿ ಬರ್ರಿ’ ಎಂಬ ಮಾತು ಕೇಳದ ಮನೆ ಗಡಿ ಭಾಗದಲ್ಲಿ ಅಪರೂಪ. ಬ್ಯಾಂಕಿನ ಹಣ, ಸಾತ್‌ಬಾರಾ ಉತಾರ ಎಲ್ಲವೂ ಈಗ ಕಂಪ್ಯೂಟರ್ ಜಾಲದ ಮೇಲೆಯೇ ನಿಂತಿವೆ. ಪ್ರತಿ ಸಲ ಕಾರಣ ಒಂದೇ ಇರುವುದಿಲ್ಲ. ಕರೆಂಟ್, ಟಾವರ್ ಕೂಡ ಕೈಕೊಡುತ್ತವೆ. ಆದರೆ ದೊಡ್ಡ ಜಾಲಗಳನ್ನು ಕಟ್ಟುವ ರೀತಿಯೇ ಬದಲಾಗಿದೆ. ಅದನ್ನು ಸಾಮಾನ್ಯ ಜನರೂ ತಿಳಿದಿರಬೇಕು.

ಹಿಂದೆ ಜಾಲದ ಪ್ರತಿ ರೂಟರ್ ನೆರೆಯ ರೂಟರ್‌ಗಳ ಜತೆ ಮಾತಾಡಿ ತನ್ನ ದಾರಿ ತಾನೇ ನಿರ್ಧರಿಸುತ್ತಿತ್ತು. ಸಾಫ್ಟ್‌ವೇರ್ ಆಧಾರಿತ ಹೊಸ ಪದ್ಧತಿಯಲ್ಲಿ ಆ ನಿರ್ಧಾರ ‘ಕಂಟ್ರೋಲರ್’ ಎಂಬ ಬೇರೆ ತಂತ್ರಾಂಶದ ಕೈಯಲ್ಲಿದೆ. 2008ರಲ್ಲಿ ಓಪನ್‌ಫ್ಲೋ ನಿಯಮಗಳು ಬಂದ ಮೇಲೆ ಇದಕ್ಕೆ ವೇಗ ಸಿಕ್ಕಿತು. ಎಸ್‌ಟಿ ಸ್ಟ್ಯಾಂಡಿನ ಕಂಟ್ರೋಲರ್ ಇದ್ದಂತೆಯೇ. ಸೋಲಾಪುರದಲ್ಲಿ ಕುಳಿತ ಒಬ್ಬನೇ ಕಂಟ್ರೋಲರ್ ಎಲ್ಲ ಸ್ಟ್ಯಾಂಡುಗಳ ಬಸ್ಸು ಓಡಿಸಿದರೆ ಕೆಲಸ ಸಲೀಸು, ಖರ್ಚೂ ಕಡಿಮೆ. ಆದರೆ ಅವನ ಫೋನ್ ಕಟ್ಟಾದರೆ?

ಅದಕ್ಕೆ ಉತ್ತರ 2019ರ ಜೂನ್ 2ರಂದು ಅಮೆರಿಕದಲ್ಲಿ ಸಿಕ್ಕಿತು. ಗೂಗಲ್ ಸಂಸ್ಥೆಯ ನಿರ್ವಹಣಾ ತಂತ್ರಾಂಶದಲ್ಲಿದ್ದ ದೋಷದಿಂದ ಹಲವು ಕಡೆಯ ಕಂಟ್ರೋಲರ್‌ಗಳು ಒಮ್ಮೆಲೇ ನಿಂತವು. ಕೆಲವು ನಿಮಿಷ ಜಾಲ ಹಳೆಯ ಆದೇಶದ ಮೇಲೆಯೇ ನಡೆಯಿತು. ಆಮೇಲೆ ದಾರಿಗಳು ಒಂದೊಂದಾಗಿ ಮುಚ್ಚಿ, ಉಳಿದ ದಾರಿಗಳಲ್ಲಿ ದಟ್ಟಣೆ ಹೆಚ್ಚಿತು. ಯೂಟ್ಯೂಬ್, ಜಿಮೇಲ್‌ಗೂ ಬಿಸಿ ತಟ್ಟಿತು. ಸರಿಪಡಿಸಲು ನಾಲ್ಕು ತಾಸಿಗೂ ಹೆಚ್ಚು ಹಿಡಿಯಿತು. ಏಕೆಂದರೆ ದುರಸ್ತಿ ಮಾಡುವವರ ಸಾಧನಗಳೂ ಅದೇ ದಟ್ಟಣೆಯ ದಾರಿಯಲ್ಲೇ ಸಿಕ್ಕಿಬಿದ್ದಿದ್ದವು. ಹೊರಗಿನ ಕಳ್ಳ ಯಾರೂ ಬಂದಿರಲಿಲ್ಲ. ಮನೆಯವರೇ ಚಿಲಕ ಹಾಕಿಕೊಂಡಿದ್ದರು. ಕಂಟ್ರೋಲರ್ ಇಲ್ಲದೆಯೂ ಜಾಲ ಇನ್ನಷ್ಟು ಹೊತ್ತು ನಡೆಯುವಂತೆ ಮಾಡುವುದಾಗಿ ಸಂಸ್ಥೆ ಆಮೇಲೆ ಹೇಳಿತು.

ಕಳ್ಳ ಬಂದರಂತೂ ಗತಿ ಬೇರೆ. ದಾರಿ ಗೊತ್ತಿಲ್ಲದ ಮಾಹಿತಿ ಬಂದಾಗ ಸ್ವಿಚ್ ಕಂಟ್ರೋಲರನ್ನು ಕೇಳುವ ಪದ್ಧತಿ ಇದೆ. ಸುಳ್ಳು ವಿಳಾಸಗಳ ಮಳೆ ಸುರಿಸಿದರೆ ಉತ್ತರ ಕೊಡುವುದರಲ್ಲೇ ಕಂಟ್ರೋಲರ್ ಸುಸ್ತಾಗುತ್ತದೆ. ಅದು ಶತ್ರುವಿನ ಕೈಗೇ ಸಿಕ್ಕರೆ ಇಡೀ ಜಾಲ ಅವನದೇ.

ಉಪಾಯ ಇಲ್ಲದಿಲ್ಲ. ಬೇರೆ ಬೇರೆ ಊರಲ್ಲಿ ಮೂರು ಅಥವಾ ಐದು ಕಂಟ್ರೋಲರ್ ಇಟ್ಟು, ಬಹುಮತದಿಂದ ಆದೇಶ ಹೊರಡಿಸಬೇಕು. ಸ್ವಿಚ್ ಮತ್ತು ಕಂಟ್ರೋಲರ್ ನಡುವಿನ ಮಾತು ಗೂಢಲಿಪಿಯಲ್ಲಿರಬೇಕು. ಒಂದು ಸ್ವಿಚ್ಚಿನಿಂದ ಬರುವ ಪ್ರಶ್ನೆಗಳಿಗೆ ಮಿತಿ ಬೇಕು. ದುರಸ್ತಿಗೆ ಪ್ರತ್ಯೇಕ ದಾರಿ ಬೇಕು. ಎಲ್ಲಕ್ಕಿಂತ ಮುಖ್ಯ, ಕಂಟ್ರೋಲರ್ ಮಾತು ನಿಂತರೆ ಕೊನೆಯ ಆದೇಶದ ಮೇಲೆ ಜಾಲ ನಡೆಯುತ್ತಲೇ ಇರಬೇಕು. ಫೋನ್ ಕಟ್ಟಾಯಿತೆಂದು ಎಸ್‌ಟಿ ಚಾಲಕ ನಡುದಾರಿಯಲ್ಲಿ ಬಸ್ ನಿಲ್ಲಿಸುತ್ತಾನೇನು?

ಇದೆಲ್ಲ ದುಬಾರಿ ಎನ್ನುವವರಿದ್ದಾರೆ. ಮಾತು ಖರೆ. ಆದರೆ ಆ ಉಳಿತಾಯದ ಹಾನಿ ಯಾರ ಖಾತೆಗೆ ಬೀಳುತ್ತದೆ? ಕೂಲಿ ಬಿಟ್ಟು ಪಾಳಿಯಲ್ಲಿ ನಿಂತವರ ಖಾತೆಗೆ. ಹೀಗಾಗಿ ಸರ್ಕಾರ, ಬ್ಯಾಂಕುಗಳು ಟೆಂಡರ್ ಕೊಡುವಾಗಲೇ ‘ಕಂಟ್ರೋಲರ್ ನಿಂತರೆ ಎಷ್ಟು ತಾಸು ನಡೆಯುತ್ತದೆ’ ಎಂದು ಬರಹದಲ್ಲಿ ಕೇಳಬೇಕು. ವರ್ಷಕ್ಕೊಮ್ಮೆ ಬೇಕಂತಲೇ ಅದನ್ನು ನಿಲ್ಲಿಸಿ ಪರೀಕ್ಷೆ ಮಾಡಬೇಕು. ಲೆಕ್ಕ ತಪಾಸಣೆ ಆಗುತ್ತದೆಂದಾದರೆ ಜಾಲದ ತಪಾಸಣೆ ಯಾಕಾಗಬಾರದು?