ಸತ್ತ ಮೇಲೆ ಸಿಕ್ಕ ನೆಲ



ಯೋಧ ಸತ್ತರೆ ದೇಶ ಅಳುತ್ತೆ. ಅಳಲಿ, ನಾವೂ ಅತ್ತಿದ್ದೇವೆ. ಆದರೆ ಅಳು ನಿಂತ ಮೇಲೆ ಒಂದು ಮಾತು ಕೇಳಲೇಬೇಕು. ದೇಶದ ನೆಲ ಕಾಯೋಕೆ ಹೋದವನಿಗೆ ಅವನ ಊರಲ್ಲಿ ಎಷ್ಟು ನೆಲ ಇತ್ತು?

ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಗುಡಿಗೆರೆಯ ಎಚ್. ಗುರು ಅವರ ವಿಷಯ ನೋಡಿ. ಊರವರ ಬಟ್ಟೆ ಇಸ್ತ್ರಿ ಮಾಡಿ ಬದುಕುವ ಮನೆ ಅವರದು. 2011ರಲ್ಲಿ ಸಿ.ಆರ್.ಪಿ.ಎಫ್. ಸೇರಿದರು. 2019ರ ಫೆಬ್ರವರಿ 14ರಂದು ಜಮ್ಮುವಿನಿಂದ ಶ್ರೀನಗರಕ್ಕೆ 78 ವಾಹನಗಳಲ್ಲಿ ಸುಮಾರು ಎರಡೂವರೆ ಸಾವಿರ ಜನ ಹೊರಟಿದ್ದರು. ಪುಲ್ವಾಮದ ಹೆದ್ದಾರಿಯಲ್ಲಿ ಸ್ಫೋಟಕ ತುಂಬಿದ ಕಾರು ಬಂದು ಗುದ್ದಿತು. 40 ಜನ ಸತ್ತರು. ಅವರಲ್ಲಿ ಗುರು ಒಬ್ಬರು. ವಯಸ್ಸು 33. ಮದುವೆಯಾಗಿ ವರ್ಷ ತುಂಬಿರಲಿಲ್ಲ. ಯುದ್ಧ ಅಂತ ಯಾರೂ ಸಾರಿರಲಿಲ್ಲ. ಆದರೆ ಹನ್ನೆರಡೇ ದಿನಕ್ಕೆ ವಿಮಾನಗಳು ಬಾಲಾಕೋಟ್ ಮೇಲೆ ಬಾಂಬು ಹಾಕಿ ಬಂದವು.

ಹೆಣ ಊರಿಗೆ ಬರುವ ಹೊತ್ತಿಗೆ ಎದ್ದ ಪ್ರಶ್ನೆ, ಎಲ್ಲಿ ಮಣ್ಣು ಮಾಡೋದು ಅಂತ. ಆ ಮನೆಗೆ ಸ್ವಂತ ಜಮೀನೇ ಇರಲಿಲ್ಲ. ಕೊನೆಗೆ ಜಿಲ್ಲಾಡಳಿತ ಮೆಳ್ಳಹಳ್ಳಿ ಹತ್ತಿರ ಸರ್ಕಾರಿ ಜಾಗ ತೋರಿಸಿತು. ಸುಮಲತಾ ಅಂಬರೀಶ್ ಅರ್ಧ ಎಕರೆ ಕೊಡುವುದಾಗಿ ಹೇಳಿದರು. ಕೊಟ್ಟವರನ್ನು ನಾವು ಹಳಿಯುವುದಿಲ್ಲ. ನಮ್ಮ ಪ್ರಶ್ನೆ ಬೇರೆ. ಬದುಕಿದ್ದಾಗ ಕಾಣದ ನೆಲ, ಸತ್ತ ಎರಡೇ ದಿನಕ್ಕೆ ಎಲ್ಲಿಂದ ಬಂತು?

ಉತ್ತರ ಪ್ರದೇಶದಲ್ಲಿ ಇದಕ್ಕಿಂತ ಕೆಟ್ಟದ್ದು ನಡೆಯಿತು. 2016ರ ಜೂನ್‌ನಲ್ಲಿ ಪಾಂಪೋರ್‌ನಲ್ಲಿ ಸತ್ತ ಸಿ.ಆರ್.ಪಿ.ಎಫ್.ನ ವೀರ್ ಸಿಂಗ್ ನಟ ಜಾತಿಯವರು. ಶಿಕೋಹಾಬಾದ್ ಹತ್ತಿರದ ಅವರ ಊರಲ್ಲಿ ಸಾರ್ವಜನಿಕ ಜಾಗದಲ್ಲಿ ಸುಡೋದಕ್ಕೆ ಮೇಲ್ಜಾತಿಯವರು ಅಡ್ಡ ಬಂದರು. ಅಧಿಕಾರಿಗಳು ಗಂಟೆಗಟ್ಟಲೆ ಒಪ್ಪಿಸಿದ ಮೇಲೆ ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಜಾಗ ಸಿಕ್ಕಿತು. ಗುಂಡಿಗೆ ಜಾತಿ ಇಲ್ಲ, ಮಸಣಕ್ಕೆ ಇದೆ!

ಇದನ್ನು ಹೊರನಾಡಿನ ಕಡೆಯಿಂದ ನಾವು ಯಾಕೆ ಬರೀತಿದ್ದೇವೆ? ಇದು ಅನ್ನಪೂರ್ಣೆಯ ಊರು. ಬಂದವರಿಗೆಲ್ಲ ಇಲ್ಲಿ ಊಟ ಉಂಟು. ಆದರೆ ಕಳಸ, ಮೂಡಿಗೆರೆ ಸುತ್ತ ಕಾಫಿ ಕುಯ್ಯುವವರ ಲೈನು ಮನೆ ತೋಟದವರದು. ಕೆಲಸ ಬಿಟ್ಟರೆ ಮನೆಯೂ ಹೋಯ್ತು. ಅಂಥ ಮನೆಯ ಹುಡುಗನಿಗೆ ತಿಂಗಳ ಸಂಬಳ ಅಂದ್ರೆ ಪೊಲೀಸು, ಇಲ್ಲಾ ಮಿಲಿಟರಿ. ದೇಶಪ್ರೇಮ ಅವನಿಗೂ ಉಂಟು. ಆದರೆ ಅಂಗೈ ಅಗಲ ಜಮೀನಿಲ್ಲದ ಹೊಟ್ಟೆಯೂ ಅವನನ್ನು ಅಲ್ಲಿಗೆ ದೂಡುತ್ತೆ.

ಇದೇ ರಾಜ್ಯದಲ್ಲಿ ಸರ್ಕಾರಿ ಜಮೀನು ಒತ್ತುವರಿ ಮಾಡಿ ಕಾಫಿ ಹಾಕಿದವರಿಗೆ 25 ಎಕರೆವರೆಗೆ 30 ವರ್ಷ ಗುತ್ತಿಗೆ ಕೊಡಲು ಕಾಯ್ದೆಯನ್ನೇ ತಿದ್ದಿದರು. ಬೇಲಿ ಹಾಕಿಕೊಂಡವನಿಗೆ 25 ಎಕರೆ, ಬಂದೂಕು ಹಿಡಿದವನಿಗೆ ಹೂಳೋಕೆ ಜಾಗವಿಲ್ಲ. ಇದ್ಯಾವ ನ್ಯಾಯ?

ಇನ್ನೊಂದು ಮಾತು. 2004ರ ಜನವರಿ 1ರ ನಂತರ ಕೆಲಸಕ್ಕೆ ಸೇರಿದವರಲ್ಲಿ ಸೇನೆಯವರಿಗೆ ಹಳೇ ಪಿಂಚಣಿ ಉಳಿಯಿತು. ಸಿ.ಆರ್.ಪಿ.ಎಫ್.ನವರನ್ನು ಹೊಸ ಪಿಂಚಣಿ ಯೋಜನೆಗೆ ನೂಕಿದರು. ಹೂವಿನ ಹಾರದಲ್ಲಿ ಭೇದವಿಲ್ಲ, ಪಿಂಚಣಿಯಲ್ಲಿ ಉಂಟು. ‘ಹುತಾತ್ಮ’ ಅಂತ ನಾವೆಲ್ಲ ಕೂಗುತ್ತೇವೆ. ಸರ್ಕಾರದ ಕಡತದಲ್ಲಿ ಆ ಪದವೇ ಇಲ್ಲ ಅಂತ ಸಂಸತ್ತಿನಲ್ಲೇ ಹೇಳಿದ್ದಾರೆ.

ಕರ್ನಾಟಕದ 1969ರ ಭೂ ಮಂಜೂರಾತಿ ನಿಯಮಗಳಲ್ಲಿ ಸೈನಿಕರಿಗೂ ಪರಿಶಿಷ್ಟರಿಗೂ ಪಾಲು ಇಟ್ಟಿದೆ. ಅದು ಪುಸ್ತಕದಲ್ಲಿದ್ದರೆ ಸಾಲದು, ಪಹಣಿಗೆ ಬರಬೇಕು. ನಾವು ಕೇಳುವುದು ಭಿಕ್ಷೆಯಲ್ಲ. ಸೇವೆಗೆ ಹೋದ ಭೂಹೀನರ ಮನೆಗೆ ಅವನು ಬದುಕಿದ್ದಾಗಲೇ ನೆಲ ಕೊಡಿ. ಪ್ರತಿ ಊರಿನ ಕೇರಿಗೂ ಸ್ಮಶಾನ ಕೊಡಿ. ಸಿ.ಆರ್.ಪಿ.ಎಫ್.ನವನಿಗೂ ಸೇನೆಯವನ ಪಿಂಚಣಿ ಕೊಡಿ.

ಸಿಪಾಯಿ ಸತ್ತಾಗ ಹೊಡೆಯುವ ಕುಶಾಲು ತೋಪಿನ ಸದ್ದು ತಾಲ್ಲೂಕು ಕಚೇರಿಗೂ ಕೇಳಲಿ.